ಮಿದುಳಿನ ರಕ್ತನಾಳಗಳ ಚಿತ್ರ

(ಲೇಕ್ ಗಾರ್ಡನ್ಸ್‌ನಲ್ಲಿ ಸೇರಿದ್ದ ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಕಾಲದಲ್ಲಿ ಮಾತನಾಡೆಂದರೆ ಪಂಪನನ್ನೋ ಬಸವಣ್ಣನವರನ್ನೋ ಎತ್ತಿಕೊಳ್ಳುವುದು ವಾಡಿಕೆ. ನಾವು ಈ ಸಾರಿ ಮಿದುಳಿನ ರಕ್ತನಾಳಗಳನ್ನು ಎತ್ತಿಕೊಂಡಿದ್ದೇವೆ. ವಿಷಯ ತಿಳಿಸಿದಾಗ ಕಾರ್ಯದರ್ಶಿಗಳು ಮೊದಲು ನಕ್ಕರು. ಕಳೆದ ನಾಲ್ಕಾರು ವರ್ಷಗಳಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ಲಕ್ವ ಹೊಡೆದಿದೆಯೆಂದು ಬೆರಳು ಮಡಿಚಿ ಎಣಿಸಿದ ಮೇಲೆ ಅವರೇ, “ಆಗಲಿ, ಇದನ್ನೇ ಹೇಳಿ” ಎಂದರು.

ನಾವು ವೈದ್ಯರಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಆದಕಾರಣ ಔಷಧ ಹೇಳುವ ಅಧಿಕಾರ ನಮಗಿಲ್ಲ, ಹೇಳುವುದೂ ಇಲ್ಲ. ಲಕ್ವ ಹೊಡೆದವರಿಗೆ ಆಸ್ಪತ್ರೆಯಲ್ಲಿ ಸಿ. ಟಿ. ಆಂಜಿಯೋಗ್ರಾಮ್ ಎಂಬ ಚಿತ್ರ ತೆಗೆಯುತ್ತಾರಷ್ಟೆ. ಅದು ಏನು, ಏಕೆ, ಆ ಹೊತ್ತಿನಲ್ಲಿ ಮನೆಯವರ ಕೆಲಸವೇನು ಎಂಬಿಷ್ಟನ್ನು, ಓದಿ ಕೇಳಿ ತಿಳಿದ ಮಟ್ಟಿಗೆ ಅರಿಕೆ ಮಾಡುತ್ತೇವೆ.

ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ದೇಹ ಬಳಸುವ ಆಮ್ಲಜನಕದಲ್ಲಾದರೋ ಸುಮಾರು 20 ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ; ಬಂದದ್ದನ್ನು ಬಂದಂತೆ ಖರ್ಚುಮಾಡುವ ಸಂಸಾರ. ಈ ಆಹಾರವನ್ನು ಹೊತ್ತು ತರುವುದಕ್ಕೆ ಕುತ್ತಿಗೆಯ ಮುಂಭಾಗದಲ್ಲಿ ಎರಡು, ಹಿಂಭಾಗದ ಮೂಳೆಯ ಸಂದಿನಲ್ಲಿ ಎರಡು, ಹೀಗೆ ನಾಲ್ಕು ಧಮನಿಗಳು ಮೇಲೇರುತ್ತವೆ. ಮಿದುಳಿನ ಬುಡದಲ್ಲಿ ಇವು ಒಂದಕ್ಕೊಂದು ಕೂಡಿ ಬಳೆಯಂತಾಗುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿತು. ಆ ಗ್ರಂಥಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬರು. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯನ್ನು ಕಟ್ಟಿಸಿದ ಶಿಲ್ಪಿ ಅವರೇ. ಬಳೆಯ ಒಂದು ಕಡೆ ನೀರು ನಿಂತರೆ ಇನ್ನೊಂದು ಕಡೆಯಿಂದ ಬರಲೆಂಬುದು ಸೃಷ್ಟಿಯ ಏರ್ಪಾಡು. ಆದರೆ ಅನೇಕರಲ್ಲಿ ಈ ಬಳೆ ಪೂರ್ಣವಾಗಿರುವುದಿಲ್ಲ. ಎಲ್ಲೋ ಒಂದೆಡೆ ಸಣ್ಣದು, ಎಲ್ಲೋ ಒಂದೆಡೆ ಇಲ್ಲವೇ ಇಲ್ಲ. ಯಾರದು ಹೇಗಿದೆಯೆಂಬುದು ಚಿತ್ರ ತೆಗೆಯುವವರೆಗೆ ತಿಳಿಯದು.

ಕೆರೆಯ ಕೆಳಗೆ ಗದ್ದೆ ಮಾಡಿದವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ಕಾಲುವೆ ಕಟ್ಟಿಕೊಂಡಿತೆನ್ನಿ. ಅದರ ಬಾಯಿಗೇ ಅಂಟಿದ, ಬೇರೆ ನೀರಿಲ್ಲದ ಮಡಿ ಮೊದಲು ಒಣಗುತ್ತದೆ. ಸುತ್ತಲಿನ ಗದ್ದೆಗಳು ಪಕ್ಕದ ಬದುವಿನಿಂದ ಜಿನುಗುವ ನೀರಿನಲ್ಲಿ ಬಾಡಿಕೊಂಡು ನಿಂತಿರುತ್ತವೆ. ಬಾಡಿದ ಪೈರು ಬೇರೆ, ಒಣಗಿದ ಪೈರು ಬೇರೆ. ಬಾಡಿದ್ದು ನೀರು ಬಿಟ್ಟರೆ ಏಳುತ್ತದೆ. ಮಿದುಳಿನಲ್ಲಿಯೂ ಹೀಗೆಯೇ. ಧಮನಿಯಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಾಗ ನಡುವಣ ಸ್ವಲ್ಪ ಭಾಗ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಅದರ ಸುತ್ತಲಿನ ದೊಡ್ಡ ಭಾಗ ಗಂಟೆಗಳ ಕಾಲ ಬಾಡಿಕೊಂಡು ಜೀವ ಹಿಡಿದಿರುತ್ತದೆ. ಜೆಫ್ರಿ ಸೇವರ್ ಎಂಬ ಅಮೆರಿಕದ ವೈದ್ಯರು 2006ರಲ್ಲಿ ಲೆಕ್ಕಹಾಕಿ, ದೊಡ್ಡ ಧಮನಿ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ತಿಳಿಸಿದರು. ಲೆಕ್ಕ ಬರೆಯುವುದೇ ಕಸಬಾದ ನಮಗೂ ಇಂಥ ಖರ್ಚಿನ ಪಟ್ಟಿ ಕಂಡುದಿಲ್ಲ.

ಹಾಗಾದರೆ ಕಟ್ಟಿದ್ದು ಯಾವ ಕಾಲುವೆ, ಎಲ್ಲಿ ಕಟ್ಟಿದೆ? ಕಾಣಬೇಕಾದುದು ಅದು. ಕಾಣುವುದು ಮಾತ್ರ ಸುಲಭವಾಗಿರಲಿಲ್ಲ.

ರಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಕೆಲವೇ ವರ್ಷಗಳಲ್ಲಿ, ಇದೇ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಜಗದೀಶಚಂದ್ರ ಬೋಸರು ತಾವೇ ಯಂತ್ರ ಜೋಡಿಸಿ ಕ್ಷ-ಕಿರಣ ಹೊಮ್ಮಿಸುತ್ತಿದ್ದರು. ಡಾಕ್ಟರ್ ನೀಲರತನ ಸರ್ಕಾರರ ರೋಗಿಯೊಬ್ಬರ ಮುರಿದ ಬೆನ್ನುಮೂಳೆಯನ್ನು ನೋಡಬೇಕಾಗಿದೆಯೆಂದು ಅವರು ರವೀಂದ್ರನಾಥರಿಗೆ ಪತ್ರದಲ್ಲಿ ಬರೆದದ್ದುಂಟು. ಮೂಳೆ ಕಂಡಿತು ಸರಿ. ರಕ್ತನಾಳ ಕಾಣಲಿಲ್ಲ, ಏಕೆಂದರೆ ಕ್ಷ-ಕಿರಣಕ್ಕೆ ರಕ್ತವೂ ಮಿದುಳೂ ಹೆಚ್ಚು ಕಡಮೆ ಒಂದೇ. ನೀರಿನಲ್ಲಿ ನೀರನ್ನು ಹುಡುಕಿದ ಹಾಗೆ. ನಾಳದೊಳಗೆ ಕಿರಣವನ್ನು ತಡೆಯುವ ಏನನ್ನಾದರೂ ಹರಿಸಿದರೆ ಮಾತ್ರ ಅದರ ನೆರಳು ಬೀಳುತ್ತದೆ. ಇದನ್ನು ಜೀವಂತ ಮನುಷ್ಯನ ಮಿದುಳಿನಲ್ಲಿ ಮೊದಲು ಸಾಧಿಸಿದವರು ಪೋರ್ಚುಗಲ್ಲಿನ ಈಗಾಸ್ ಮೊನಿಜ್. 1927ರಲ್ಲಿ, ಲಿಸ್ಬನ್ ನಗರದಲ್ಲಿ, ಕುತ್ತಿಗೆಯ ಧಮನಿಗೆ ಅಯೊಡಿನ್ನಿನ ಲವಣವನ್ನು ಚುಚ್ಚಿ. ಅವರಿಗೆ 1949ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಇದಕ್ಕಲ್ಲ, ಬುದ್ಧಿಭ್ರಮಣೆಗೆಂದು ಮಿದುಳನ್ನು ಕೊಯ್ಯುವ ಒಂದು ಶಸ್ತ್ರಕ್ರಿಯೆಗೆ. ಆ ಶಸ್ತ್ರಕ್ರಿಯೆ ಮೂಲೆಗೆ ಬಿದ್ದಿತು, ಚಿತ್ರ ಉಳಿಯಿತು. ಮುಂದೆ ಬಹು ವರ್ಷ ಕುತ್ತಿಗೆಗೇ ಸೂಜಿ ಹಾಕುತ್ತಿದ್ದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ತೋರಿಸಿದ ಉಪಾಯದ ತರುವಾಯ ತೊಡೆಯ ಸಂದಿನಿಂದ ತೆಳುವಾದ ನಳಿಕೆಯನ್ನು ತೂರಿಸುವುದು ರೂಢಿಗೆ ಬಂದಿತು. ಇಂದಿಗೂ ಅದೇ ಅತ್ಯಂತ ನಿಖರವಾದ ಪರೀಕ್ಷೆ. ಆದರೆ ಅದಕ್ಕೆ ನುರಿತ ಕೈ ಬೇಕು, ಸಜ್ಜಾದ ಕೋಣೆ ಬೇಕು, ಹೊತ್ತೂ ಬೇಕು.

ಸಿ. ಟಿ. ಸ್ಕ್ಯಾನ್ ಯಂತ್ರಕ್ಕೂ ನಮ್ಮ ಊರಿಗೂ ಒಂದು ವಿನೋದದ ನಂಟಿದೆ. ಅದನ್ನು ನಿರ್ಮಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ದುಡಿಯುತ್ತಿದ್ದುದು ಇ. ಎಂ. ಐ. ಕಂಪನಿಯಲ್ಲಿ. ಡಂಡಂ ಕಾರ್ಖಾನೆಯಲ್ಲಿ ಹಾಡಿನ ತಟ್ಟೆ ಒತ್ತುತ್ತಿದ್ದ ಗ್ರಾಮಫೋನ್ ಕಂಪನಿ ಆಗ ಅದೇ ಬಳಗದ್ದು. ನಾಯಿ ಕುಳಿತು ಕೇಳುವ ಚಿತ್ರದ ಆ ತಟ್ಟೆಗಳನ್ನು ಹಿರಿಯರು ಮರೆತಿರಲಾರಿರಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಈ ಯಂತ್ರದಲ್ಲಿ ನೋಡಿದರು. 1979ರಲ್ಲಿ ಹೌನ್ಸ್‌ಫೀಲ್ಡರಿಗೂ ಅಲನ್ ಕಾರ್ಮಾಕ್ ಅವರಿಗೂ ಕೂಡಿಯೇ ನೊಬೆಲ್ ದೊರೆಯಿತು. ಕ್ಷ-ಕಿರಣದ ಕೊಳವೆ ತಲೆಯ ಸುತ್ತ ತಿರುಗುತ್ತ ಎಲ್ಲ ದಿಕ್ಕಿನಿಂದ ನೋಡುತ್ತದೆ. ಗಣಕಯಂತ್ರ ಆ ಅಳತೆಗಳನ್ನು ಕೂಡಿಸಿ ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಂತೆ ಒಳಗನ್ನು ತೋರಿಸುತ್ತದೆ. ಪ್ರತಿಯೊಂದು ಚುಕ್ಕೆಗೂ ಒಂದು ಸಂಖ್ಯೆ: ನೀರಿಗೆ 0, ಗಾಳಿಗೆ -1000, ಮಿದುಳಿಗೆ ಮೂವತ್ತು ನಲವತ್ತರ ಸುಮಾರು, ಹೊಸದಾಗಿ ಸುರಿದು ಹೆಪ್ಪುಗಟ್ಟಿದ ರಕ್ತಕ್ಕೆ ಅದಕ್ಕಿಂತ ಮೇಲೆ. ಆದ್ದರಿಂದ ತಲೆಯೊಳಗೆ ರಕ್ತ ಸುರಿದಿದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ.

ಆದರೆ ಮೊದಲಿನ ಯಂತ್ರಗಳು ಒಂದೊಂದು ಬಿಲ್ಲೆಗೆ ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದವು. ತೋಳಿಗೆ ಚುಚ್ಚಿದ ಅಯೊಡಿನ್ ಹೃದಯವನ್ನು ಹಾದು ಮಿದುಳು ಸೇರುವುದಕ್ಕೆ 15ರಿಂದ 20 ಸೆಕೆಂಡು. ಧಮನಿಗಳನ್ನು ದಾಟಿ ಸಿರೆಗಳಿಗೆ ಇಳಿಯುವುದಕ್ಕೆ ಇನ್ನು ಕೆಲವೇ ಸೆಕೆಂಡು. ಎತ್ತಿನ ಗಾಡಿ ಹೂಡಿಕೊಂಡು ಮಿಂಚನ್ನು ಹಿಡಿಯಲಾದೀತೆ? 1989ರ ಸುಮಾರಿಗೆ ಜರ್ಮನಿಯ ವಿಲ್ಲಿ ಕಾಲೆಂಡರ್ ಮೊದಲಾದವರ ಕೆಲಸದಿಂದ, ಮಂಚ ಸರಿಯುತ್ತಿರುವಾಗಲೇ ಸುರುಳಿಯಾಗಿ ಚಿತ್ರ ತೆಗೆಯುವ ಯಂತ್ರ ಬಂದಿತು. 1998ರಲ್ಲಿ ಒಂದೇ ಸುತ್ತಿಗೆ ನಾಲ್ಕು ಬಿಲ್ಲೆ ತೆಗೆಯುವಂಥವು ಬಂದವು, ಆಮೇಲೆ ಅರವತ್ತನಾಲ್ಕು, ಇನ್ನೂ ಹೆಚ್ಚು. ಇಂದು ಎದೆಯಿಂದ ನೆತ್ತಿಯವರೆಗೆ ಓಡಿ ಮುಗಿಸಲು ಕೆಲವು ಸೆಕೆಂಡು ಸಾಕು.

ನಡೆಯುವ ಕ್ರಮ ಹೀಗೆ. ಮೊಣಕೈ ಮಡಿಕೆಯ ಸಿರೆಗೆ ಕೊಂಚ ದಪ್ಪ ಕ್ಯಾನುಲಾ ಹಾಕುತ್ತಾರೆ. ಅಂಗೈ ಹಿಂಬದಿಯ ಸಣ್ಣ ಸೂಜಿ ಸಾಲದು. ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ ಅಯೊಡಿನ್ ದ್ರವ ನುಗ್ಗಬೇಕಷ್ಟೆ. ಹಿಂದೆಯೇ ಉಪ್ಪುನೀರು ಅದನ್ನು ತಳ್ಳಿಕೊಂಡು ಹೋಗುತ್ತದೆ. ಯಂತ್ರವು ಎದೆಯ ಮಹಾಧಮನಿಯ ಮೇಲೆ ಕಣ್ಣಿಟ್ಟಿದ್ದು, ಅಲ್ಲಿ ಬೆಳಕೇರಿದೊಡನೆ ತಾನೇ ಓಟ ಕೀಳುತ್ತದೆ. ರೋಗಿಗೆ ಮೈಯೆಲ್ಲ ಬಿಸಿ ಹಬ್ಬಿದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ, ಕೆಲವರಿಗೆ ಬಟ್ಟೆ ಒದ್ದೆಯಾದಂತೆಯೂ ಅನ್ನಿಸುತ್ತದೆ. ಆಗಿರುವುದಿಲ್ಲ, ಅನ್ನಿಸುತ್ತದೆ ಅಷ್ಟೆ. ಇದನ್ನು ಮೊದಲೇ ತಮ್ಮ ಭಾಷೆಯಲ್ಲಿ ಯಾರಾದರೂ ಹೇಳಿದ್ದರೆ ಮುದುಕರು ಗಾಬರಿಯಾಗಿ ತಲೆ ಅಲುಗಿಸುವುದಿಲ್ಲ. ತಲೆ ಅಲುಗಿದರೆ ಚಿತ್ರ ಕೆಟ್ಟಿತು. ಗಣಕಯಂತ್ರ ಆಮೇಲೆ ಮೂಳೆಯನ್ನು ಅಳಿಸಿ ನಾಳಗಳನ್ನು ಮಾತ್ರ ಉಳಿಸಿ ತೋರಿಸುತ್ತದೆ, ಎಲೆಯುದುರಿದ ಮರದ ಹಾಗೆ. ಎಲ್ಲಿ ಕೊಂಬೆ ತಟಕ್ಕನೆ ನಿಂತಿದೆಯೋ ಅಲ್ಲಿ ಹೆಪ್ಪು ಕುಳಿತಿದೆ.

ಈಗ ನಮ್ಮ ಬಳಗದ ಒಂದು ಮನೆಯ ಸಂಗತಿ. ಮನೆಯವರ ಅಪ್ಪಣೆ ಪಡೆದು, ಹೆಸರಿಲ್ಲದೆ ಹೇಳುತ್ತಿದ್ದೇವೆ. ಎಪ್ಪತ್ತು ದಾಟಿದ ಹಿರಿಯರು. ಬೆಳಗ್ಗೆ ಕಾಫಿ ಕುಡಿಯುತ್ತಿದ್ದ ಹಾಗೆಯೇ ಎಡಗೈಯಿಂದ ಲೋಟ ಜಾರಿತು, ಬಾಯಿ ಸೊಟ್ಟಗಾಯಿತು. ಮಕ್ಕಳು ತಡಮಾಡದೆ ಒಂದು ಆಸ್ಪತ್ರೆಗೆ ಸೇರಿಸಿದರು. ಸಿ. ಟಿ. ತೆಗೆದರು, “ಸಿ. ಟಿ. ನಾರ್ಮಲ್ ಇದೆ” ಎಂಬ ಮಾತು ಹೊರಗೆ ಬಂದಿತು. ಮನೆಯವರಿಗೆ ಹೋದ ಜೀವ ಬಂದಂತಾಯಿತು, ಧಾರವಾಡಕ್ಕೆ ಫೋನು ಹೋಯಿತು, ದೇವರಿಗೆ ತುಪ್ಪದ ದೀಪ ಹರಸಿಕೊಂಡದ್ದೂ ಆಯಿತು. ಅಷ್ಟರಲ್ಲಿ ವೈದ್ಯರು ಮತ್ತೆ ಬಂದು, ರಕ್ತನಾಳದ ಚಿತ್ರ ತೆಗೆಯಬೇಕು, ರುಜು ಹಾಕಿ ಎಂದರು. ನಾರ್ಮಲ್ ಇದ್ದ ಮೇಲೆ ಇನ್ನೊಂದು ಚಿತ್ರವೇಕೆ? ಬಿಲ್ಲು ಬೆಳೆಸುವ ಉಪಾಯವೇ? ಆ ದ್ರವದಿಂದ ಮೂತ್ರಪಿಂಡ ಕೆಡುತ್ತದಂತೆ, ಬೆಂಗಳೂರಿನ ಅಣ್ಣನನ್ನು ಒಂದು ಮಾತು ಕೇಳೋಣ ಎಂದರು. ಅಣ್ಣನ ಫೋನು ಸಿಗಲಿಲ್ಲ. ಮೊಗಸಾಲೆಯಲ್ಲಿ ನಲವತ್ತು ನಿಮಿಷ ಕಳೆದುಹೋಯಿತು. ಕೊನೆಗೆ ತೆಗೆದ ಚಿತ್ರದಲ್ಲಿ ಬಲಗಡೆಯ ನಡುಧಮನಿ ಬುಡದಲ್ಲೇ ಕತ್ತರಿಸಿದಂತೆ ನಿಂತಿತ್ತು. ಹೆಪ್ಪನ್ನು ತೆಗೆದರು, ಜೀವ ಉಳಿಯಿತು. ಎಡಗೈ ಇಂದಿಗೂ ಲೋಟ ಹಿಡಿಯುವುದಿಲ್ಲ. ಆ ನಲವತ್ತು ನಿಮಿಷ ಉಳಿದಿದ್ದರೆ ಹಿಡಿಯುತ್ತಿತ್ತೆ ಎಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಮಕ್ಕಳನ್ನು ದೂರುವುದಕ್ಕೂ ನಮಗೆ ಬಾಯಿ ಬರುವುದಿಲ್ಲ. ಅವರಿಗೆ ಯಾರೂ ಇದನ್ನು ಮೊದಲೇ ತಿಳಿಸಿರಲಿಲ್ಲ.

ತಿಳಿಸಬೇಕಾದದ್ದು ಇಷ್ಟೇ. ಲಕ್ವ ಎರಡು ಬಗೆ: ನಾಳ ಒಡೆದು ರಕ್ತ ಸುರಿಯುವುದೊಂದು, ನಾಳ ಮುಚ್ಚಿಕೊಳ್ಳುವುದೊಂದು. ಮುಚ್ಚಿಕೊಳ್ಳುವುದೇ ಹೆಚ್ಚು. ಮೊದಲು ತೆಗೆಯುವ ಸಾದಾ ಸಿ. ಟಿ. ಚಿತ್ರದ ಮುಖ್ಯ ಕೆಲಸ ರಕ್ತ ಸುರಿದಿದೆಯೆ ಎಂದು ನೋಡುವುದು. ನಾಳ ಮುಚ್ಚಿದ್ದರೆ ಮೊದಲ ಕೆಲವು ಗಂಟೆ ಆ ಚಿತ್ರದಲ್ಲಿ ಏನೂ ಕಾಣದಿರುವುದೇ ಸಾಮಾನ್ಯ. “ನಾರ್ಮಲ್” ಎಂದರೆ ರಕ್ತ ಸುರಿದಿಲ್ಲವೆಂದು ಅರ್ಥವೇ ವಿನಾ ಲಕ್ವ ಹೊಡೆದಿಲ್ಲವೆಂದಲ್ಲ. ರಕ್ತ ಸುರಿದಿಲ್ಲವೆಂದು ತಿಳಿದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಕ್ಕವರಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡಬಹುದು. ಅದು ಆಂಜಿಯೋಗ್ರಾಮಿಗಾಗಿ ಕಾಯತಕ್ಕದ್ದಲ್ಲ. ದೊಡ್ಡ ಧಮನಿಯ ದೊಡ್ಡ ಹೆಪ್ಪು ಮದ್ದಿಗೆ ಹಲವು ವೇಳೆ ಜಗ್ಗುವುದಿಲ್ಲ. ಅಂಥದನ್ನು ತೊಡೆಯ ಸಂದಿನಿಂದ ತಂತಿ ಕಳಿಸಿ ಎಳೆದು ತೆಗೆಯುವುದು ಮೇಲೆಂದು 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ತೋರಿಸಿದವು. ಮೊದಲು ಆರು ಗಂಟೆಯೊಳಗೆ ಎಂದಿದ್ದುದು, 2018ರಲ್ಲಿ ಪ್ರಕಟವಾದ ಮತ್ತೆರಡು ಪ್ರಯೋಗಗಳ ನಂತರ, ಬಾಡಿದ ಭಾಗ ಇನ್ನೂ ಉಳಿದಿದೆಯೆಂದು ಚಿತ್ರದಲ್ಲಿ ಕಂಡವರಿಗೆ 24 ಗಂಟೆಯವರೆಗೂ ವಿಸ್ತರಿಸಿತು. ಎಳೆಯುವವರಿಗೆ ಎಲ್ಲಿ ಎಳೆಯಬೇಕೆಂದು ತಿಳಿಯುವುದು ಈ ಆಂಜಿಯೋಗ್ರಾಮಿನಿಂದ. ಎರಡನೆಯ ಚಿತ್ರ ಮೊದಲನೆಯದರ ನಕಲಲ್ಲ.

ಭಯಗಳ ಮಾತು. ಮೂತ್ರಪಿಂಡದ ರೋಗವಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಹಿಂದೆ ಇದೇ ದ್ರವದಿಂದ ದದ್ದೋ ಉಸಿರುಕಟ್ಟೋ ಆಗಿದ್ದರೆ, ಕೇಳುವ ಮೊದಲೇ ವೈದ್ಯರಿಗೆ ಹೇಳಬೇಕು. ಮೂತ್ರಪಿಂಡದ ರೋಗದ ಚರಿತ್ರೆಯೇ ಇಲ್ಲದವರಿಗೆ ಇಂಥ ತುರ್ತಿನಲ್ಲಿ ರಕ್ತಪರೀಕ್ಷೆಯ ವರದಿಗಾಗಿ ಕಾಯಬೇಕಾದುದಿಲ್ಲವೆಂಬುದು ಈಗಿನ ವೈದ್ಯರ ಅಭಿಪ್ರಾಯ. ಸಿಗಡಿ ತಿಂದರೆ ಮೈ ಕೆರೆಯುವವರಿಗೆ ಅಯೊಡಿನ್ ಆಗದೆಂಬ ಮಾತು ಈ ಮೀನಿನ ನಾಡಿನಲ್ಲಿ ಬಹಳ ಹಬ್ಬಿದೆ. ಅದರಲ್ಲಿ ಹುರುಳಿಲ್ಲ, ಕೆರೆತ ಬರುವುದು ಸಿಗಡಿಯೊಳಗಿನ ಪ್ರೋಟೀನಿನಿಂದ, ಅಯೊಡಿನ್ನಿನಿಂದಲ್ಲ. ಕ್ಷ-ಕಿರಣದ ಹೊರೆ ಇದೆ, ಇಲ್ಲವೆನ್ನುವುದಿಲ್ಲ. ಲಕ್ವದ ಮುಂದೆ ಅದನ್ನು ಎಣಿಸುವಂತಿಲ್ಲ. ಅದೇ ಕಾರಣಕ್ಕೆ, ಏನೂ ಇಲ್ಲದವರು ವರ್ಷಕ್ಕೊಮ್ಮೆ ರಿಯಾಯಿತಿ ದರದ ಪ್ಯಾಕೇಜಿನಲ್ಲಿ ತಲೆಯ ನಾಳಗಳ ಚಿತ್ರ ತೆಗೆಸಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಇನ್ನು, ಸಿಡಿಲು ಬಡಿದಂತೆ ಹಿಂದೆಂದೂ ಇಲ್ಲದ ತಲೆನೋವು ಬಂದರೆ ಅದು ಧಮನಿಯ ಉಬ್ಬು ಒಡೆದದ್ದಿರಬಹುದು. ಅಲ್ಲಿಯೂ ಈ ಚಿತ್ರವೇ ಬೇಕು. ಆದರೆ ಬಹಳ ಸಣ್ಣ ಉಬ್ಬು ಇದರ ಕಣ್ಣಿಗೆ ತಪ್ಪುವುದುಂಟು. ಆಗ ಹಳೆಯ ನಳಿಕೆಯ ಪರೀಕ್ಷೆಗೇ ಹೋಗುತ್ತಾರೆ.

ಇಷ್ಟನ್ನು ಯಾವ ಸಂಘದಲ್ಲಾದರೂ ಹೇಳಬಹುದಿತ್ತು. ಕನ್ನಡ ಸಂಘದಲ್ಲೇ ಹೇಳಬೇಕಾದ ಮಾತು ಈಗ ಬರುತ್ತದೆ.

ಯಾವ ರೋಗಿಯ ದೊಡ್ಡ ಧಮನಿ ಮುಚ್ಚಿರಬಹುದೆಂದು ವೈದ್ಯರು ಮೊದಲು ಊಹಿಸುವುದು ರೋಗಿಯನ್ನು ಮಾತನಾಡಿಸಿ. ಇದಕ್ಕೆ ಅಮೆರಿಕದ ಆರೋಗ್ಯ ಸಂಸ್ಥೆಯ ಒಂದು ಅಂಕಪಟ್ಟಿ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಇದು ಯಾವ ತಿಂಗಳು, ವಯಸ್ಸೆಷ್ಟು, ಕಣ್ಣು ಮುಚ್ಚಿ ತೆಗೆಯಿರಿ, ಕೈ ಎತ್ತಿ. ಆಮೇಲೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿ ಎನ್ನುತ್ತಾರೆ. ಆ ಚಿತ್ರಗಳಾವುವು ಬಲ್ಲಿರಾ? ಕೈಗವಸು, ಬೀಗದಕೈ, ಪಾಪಸುಕಳ್ಳಿ, ಕುರ್ಚಿ, ಹಕ್ಕಿಯ ಗರಿ, ಮರಕ್ಕೆ ಕಟ್ಟಿದ ಜೋಲಿಮಂಚ. ಮಗನ ಮನೆಯೆಂದು ಧಾರವಾಡದಿಂದಲೋ ಶಿವಮೊಗ್ಗೆಯಿಂದಲೋ ಬಂದು ಲೇಕ್ ಗಾರ್ಡನ್ಸ್‌ನ ಮೂರನೆಯ ಮಹಡಿಯಲ್ಲಿರುವ ನಮ್ಮ ಅಜ್ಜಿಯನ್ನು ಎಣಿಸಿಕೊಳ್ಳಿ. ಕನ್ನಡ ಬಿಟ್ಟು ಇನ್ನೊಂದು ಬಾರದು. ಯುವಕ ಡಾಕ್ಟರು ಒಳ್ಳೆಯವನೇ. “ಮಾಶೀಮಾ, ಹಾತ್ ತುಲುನ್” ಎನ್ನುತ್ತಾನೆ. ಅಜ್ಜಿ ಸುಮ್ಮನೆ ನೋಡುತ್ತಾಳೆ. ಕೈಯಲ್ಲಿ ಶಕ್ತಿಯಿಲ್ಲವೆ? ಮಾತು ಅರ್ಥವಾಗುವ ಮಿದುಳೇ ಕೆಟ್ಟಿದೆಯೆ? ಅಥವಾ ಬಂಗಾಳಿ ತಿಳಿಯದೆ? ಕಳ್ಳಿಯ ಚಿತ್ರ ನೋಡಿ ಅಜ್ಜಿ ಸರಿಯಾಗಿಯೇ “ಪಾಪಸುಕಳ್ಳಿ” ಎಂದರೆ ಅವನ ಕಿವಿಗೆ ಅದು ತೊದಲು. ತಿರುಗುಮುರುಗಾಗಿ, ಅಜ್ಜಿ ನಿಜವಾಗಿಯೇ ಅರ್ಥವಿಲ್ಲದ ಮಾತಾಡುತ್ತಿದ್ದರೆ, ಅದು ಅವಳ ಭಾಷೆಯಿರಬೇಕೆಂದು ಅವನು ನಂಬಬಹುದು. ಎಡ ಮಿದುಳಿನ ಧಮನಿ ಮುಚ್ಚಿದ ಮುಖ್ಯ ಕುರುಹೇ ಮಾತು ಕೆಡುವುದು. ಆ ಕುರುಹು ಭಾಷೆಯ ಗೋಡೆಯ ಹಿಂದೆ ಅಡಗಿಬಿಟ್ಟರೆ ಚಿತ್ರ ತೆಗೆಸುವ ಯೋಚನೆಯೇ ತಡವಾಗಿ ಬರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದ್ದಾರೆ. ಆದರೆ ನಡುರಾತ್ರಿ ಕಲ್ಕತ್ತೆಯ ತುರ್ತು ವಿಭಾಗದಲ್ಲಿ ಅವನ್ನು ಬಿಚ್ಚುವವರು ಯಾರು? ಅಲ್ಲಿ ಬೇಕಾದುದು ರೋಗಿಯ ಪಕ್ಕದಲ್ಲಿ ನಿಂತು, “ಡಾಕ್ಟರೆ, ಇವರು ಸರಿಯಾದ ಕನ್ನಡ ಆಡುತ್ತಿಲ್ಲ” ಎಂದು ಹೇಳಬಲ್ಲ ಒಬ್ಬ ಮನುಷ್ಯ. ಬೇರೂರಿ ನಿಂತ ಮನೆಗಳ ಮಕ್ಕಳಲ್ಲಿ ಕೆಲವರಿಗೆ ಈಗ ಈ ಅಂತರ ತಿಳಿಯುವಷ್ಟು ಕನ್ನಡ ಇಲ್ಲ. ನೋವಿನ ಮಾತು, ಆದರೂ ಆಡದೆ ಇರಲಾಗಲಿಲ್ಲ.

ಸ್ಥಳದ ವಿಚಾರವಾಗಿ ಒಂದೆರಡು ಮಾತು. ಇಲ್ಲಿ ‘ಬಾಂಗುರ್’ ಎರಡಿವೆ. ಟಾಲಿಗಂಜಿನಲ್ಲಿ ನಮಗೆ ಸಮೀಪವಾದುದು ಎಂ. ಆರ್. ಬಾಂಗುರ್ ಆಸ್ಪತ್ರೆ. ಮಿದುಳಿಗೆಂದೇ ಇರುವ ಸರ್ಕಾರಿ ಬಾಂಗುರ್ ನರವಿಜ್ಞಾನ ಸಂಸ್ಥೆ ಭವಾನೀಪುರದ ಶಂಭುನಾಥ ಪಂಡಿತ ಬೀದಿಯಲ್ಲಿದೆ. ಟ್ಯಾಕ್ಸಿಯವನಿಗೆ ಬರಿಯ ‘ಬಾಂಗುರ್’ ಎಂದರೆ ಅವನು ಹತ್ತಿರದ್ದಕ್ಕೇ ಒಯ್ಯುವುದು ಸಹಜ. ಆದ್ದರಿಂದ ಬೀದಿಯ ಹೆಸರು ಕೂಡಿಸಿ ಹೇಳಬೇಕು. ಜಿಲ್ಲೆಗಳ ಆಸ್ಪತ್ರೆಗಳಿಂದ ಸಿ. ಟಿ. ಚಿತ್ರವನ್ನು ಆ ಸಂಸ್ಥೆಯ ತಜ್ಞರಿಗೆ ಕಳಿಸಿ ಸಲಹೆ ಪಡೆಯುವ ‘ಸ್ವಾಸ್ಥ್ಯ ಇಂಗಿತ್’ ಎಂಬ ಏರ್ಪಾಡನ್ನು ರಾಜ್ಯ ಸರ್ಕಾರ ಈಚಿನ ವರ್ಷಗಳಲ್ಲಿ ನಡೆಸುತ್ತಿದೆ. ಕಲ್ಕತ್ತೆಯ ಹೊರಗೆ ಇರುವ ನಮ್ಮವರು ಇದನ್ನು ಕೇಳಿ ತಿಳಿದಿರಬೇಕು. ಯಾವ ಆಸ್ಪತ್ರೆಯಾದರೂ ಸರಿ, ಅಲ್ಲಿ ರಾತ್ರಿಯೂ ಸಿ. ಟಿ. ಯಂತ್ರ ನಡೆಯುತ್ತದೆಯೆ, ನಾಳದ ಚಿತ್ರ ತೆಗೆಯುತ್ತಾರೆಯೆ, ಹೆಪ್ಪು ಎಳೆಯುವವರು ಇದ್ದಾರೆಯೆ ಎಂದು ಚೆನ್ನಾಗಿರುವಾಗಲೇ ವಿಚಾರಿಸಿಡುವುದು ಲೇಸು. ಪೂಜೆಯ ದಿನಗಳಲ್ಲಿ ಯಾವ ಬೀದಿ ಮುಚ್ಚಿರುತ್ತದೆಂಬುದನ್ನೂ ಕೂಡ.

ಸಂಘದಿಂದ ಒಂದು ಹಾಳೆ ಅಚ್ಚುಹಾಕಿಸಿದ್ದೇವೆ. ಮನೆಯ ಬಾಗಿಲ ಹಿಂದೆ ಅಂಟಿಸಿಕೊಳ್ಳುವುದು. ಹಿರಿಯರ ಹೆಸರು, ವಯಸ್ಸು, ನುಂಗುವ ಮಾತ್ರೆಗಳು, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ, ಮೂತ್ರಪಿಂಡದ ರೋಗ ಇದೆಯೆ ಇಲ್ಲವೆ, ಹಿಂದೆ ಯಾವ ಚುಚ್ಚುಮದ್ದು ಒಗ್ಗಲಿಲ್ಲ, ಆಡುವ ಭಾಷೆಗಳು ಯಾವುವು. ಒಂದು ಸಾಲು ಖಾಲಿ ಬಿಟ್ಟಿದೆ: “ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡ ವೇಳೆ”. ನೀವು ಎದ್ದು ನೋಡಿದ ವೇಳೆಯಲ್ಲ. ರಾತ್ರಿ ಹತ್ತಕ್ಕೆ ಮಾತನಾಡಿ ಮಲಗಿದವರನ್ನು ಬೆಳಗ್ಗೆ ಆರಕ್ಕೆ ಕಂಡಿರಾದರೆ ಬರೆಯಬೇಕಾದುದು ಹತ್ತು. ವೈದ್ಯರ ಗಡಿಯಾರ ಅಲ್ಲಿಂದ ನಡೆಯುತ್ತದೆ.

ಹಾಳೆಯ ಕೆಳಗೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಆಸ್ಪತ್ರೆಗೆ ಬಂದು, ಬರಲಾಗದಿದ್ದರೆ ಫೋನಿನಲ್ಲಾದರೂ, ರೋಗಿಯೊಡನೆ ಕನ್ನಡದಲ್ಲಿಯೂ ವೈದ್ಯರೊಡನೆ ಬಂಗಾಳಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡಬಲ್ಲ ಸದಸ್ಯರ ಹೆಸರುಗಳಿವೆ. ಇದುವರೆಗೆ ಏಳು ಮಂದಿ ಒಪ್ಪಿದ್ದಾರೆ. ಅವರಲ್ಲಿ ಬಂಗಾಳಿ ಚೆನ್ನಾಗಿ ಬಲ್ಲವರು ಮೂವರು, ರಾತ್ರಿ ಹನ್ನೊಂದರ ಮೇಲೆ ಸಿಗುವವರು ಇಬ್ಬರೇ. ಸಭೆ ಮುಗಿದ ಮೇಲೆ ಬಾಗಿಲ ಪಕ್ಕದ ಮೇಜಿನ ಬಳಿ ಖಜಾಂಚಿಗಳು ಕಾಗದ ಇಟ್ಟುಕೊಂಡು ಕುಳಿತಿರುತ್ತಾರೆ. ಮುಖ್ಯವಾಗಿ ಬೇಕಾಗಿರುವುದು ರಾತ್ರಿಯ ಪಾಳಿಗೆ.